ಮುಕ್ಕಾಲು ಸುತ್ತು

ನರ್ಸಮ್ಮನ ಬೈಕಿನ ಆಯಿಲ್ ಫಿಲ್ಟರ್ ಕೂದಲೆಳೆಯಷ್ಟೂ ಅಲುಗಲಿಲ್ಲ. ದೊಡ್ಡ ಮೆಕ್ಯಾನಿಕ್ ಬೆಲ್ಟ್ ಸ್ಪ್ಯಾನರ್ ಸುತ್ತಿ ಜಗ್ಗಿದ. ಅದು ಜಾರಿ ಬೆರಳು ಇಂಜಿನ್ನಿಗೆ ಬಡಿಯಿತು. ರಕ್ತ ಕಂಡ ಮೇಲೇ ಅವನಿಗೆ ಪೆಟ್ಟು ಬಿದ್ದದ್ದು ಗೊತ್ತಾಗಿದ್ದು.

"ಯಾವ ಪುಣ್ಯಾತ್ಮ ಬಿಗಿದಿದ್ದು ಇದನ್ನ?" ಸ್ಟೂಲಿನ ಮೇಲೆ ಕೂತಿದ್ದ ನರ್ಸಮ್ಮ ಕೇಳಿದಳು.

"ಇನ್ಯಾರು? ನನ್ನ ತಮ್ಮ."

ಬೀದಿಯವರ ಬಾಯಲ್ಲಿ ಆ ತಮ್ಮ ಸಣ್ಣ ಮೆಕ್ಯಾನಿಕ್. ಫಿಲ್ಟರಿನ ಬಾಯಿಯ ರಬ್ಬರಿಗೆ ಎಣ್ಣೆ ಸವರು, ಫಿಲ್ಟರನ್ನು ಕೈಯಲ್ಲೇ ತಿರುಗಿಸು, ರಬ್ಬರು ಇಂಜಿನ್ನಿಗೆ ತಾಗಿದ ಮೇಲೆ ಮುಕ್ಕಾಲು ಸುತ್ತು, ಸ್ಪ್ಯಾನರ್ ಮುಟ್ಟಿದರೆ ಕೈ ಮುರೀತೀನಿ: ಇದು ಅಣ್ಣ ಕಲಿಸಿದ ಮೊದಲ ಪಾಠ. ಬಿಗಿದವನು ಫಿಲ್ಟರಿನ ತಳದಲ್ಲಿ ಮೊಳೆಯಿಂದ ತಾರೀಕು ಗೀರಬೇಕೆಂಬುದೂ ಅಣ್ಣನದೇ ಕಟ್ಟಳೆ. ಹೋದ ವರ್ಷ ಹೀಗೇ ಒಂದು ಫಿಲ್ಟರ್ ಕಚ್ಚಿಕೊಂಡು, ಬಿಚ್ಚುವಾಗ ಇಂಜಿನ್ನಿನ ಥ್ರೆಡ್ಡೇ ಕಿತ್ತುಬಂತು. ಅವತ್ತು ಗಿರಾಕಿಗಳೆದುರೇ ತಮ್ಮನ ಜನ್ಮ ಜಾಲಾಡಿ ಹೊರಗೆ ಹಾಕಿದ್ದ. ಫಿಲ್ಟರಿನ ತಳ ಒರೆಸಿ ನೋಡುವಷ್ಟು ವ್ಯವಧಾನ ದೊಡ್ಡವರಿಗೆಲ್ಲಿ? "ನಾನಲ್ಲಣ್ಣ" ಎಂದು ತಮ್ಮ ಎರಡು ಸಲ ಹೇಳಿದ್ದ. ಈಗ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ.

ಬೆಳಿಗ್ಗೆಯಷ್ಟೇ ಹೆಂಡತಿ ಕೇಳಿದ್ದಳು. "ಅವನನ್ನ ಕರೆಸ್ಕೊಳ್ಳಿ ಅಂದ್ರೆ. ಎಷ್ಟು ದಿನ ಈ ಹಟ?"

"ತಪ್ಪು ನಂದೇ ಅಂತ ಒಂದು ಮಾತು ಹೇಳ್ಲಿ. ಇವತ್ತೇ ಕರ್ಕೊಂಡು ಬರ್ತೀನಿ."

ಬೇರೆ ದಾರಿಯಿಲ್ಲದೆ ಫಿಲ್ಟರಿಗೆ ಅಡ್ಡಲಾಗಿ ಸ್ಕ್ರೂಡ್ರೈವರ್ ಹೊಡೆದು ತಿರುಗಿಸಿದ. ತಗಡು ಹರಿಯಿತು, ಕಪ್ಪೆಣ್ಣೆ ಮೊಣಕೈವರೆಗೂ ಇಳಿಯಿತು. ಕೊನೆಗೆ ಕಿರುಗುಟ್ಟುತ್ತ ಕೈಗೆ ಬಂತು. ಸಾಕ್ಷಿ ಸಿಕ್ಕಿತೆಂಬ ಹುರುಪಿನಲ್ಲೇ ತಳದ ಕೆಸರು ಒರೆಸಿದ. ತಮ್ಮ ಹೋಗಿ ಏಳು ತಿಂಗಳಾದ ಮೇಲಿನ ತಾರೀಕು. ಅದರಲ್ಲಿನ ಏಳರ ಅಂಕಿಗೆ ಬಾಲ ಎಳೆದಿತ್ತು; ಹಾಗೆ ಅನಗತ್ಯವಾಗಿ ಎಳೆಯುವುದು ತನ್ನೊಬ್ಬನದೇ ಚಾಳಿ.

ಎರಡು ವರ್ಷದಿಂದ ಅವನ ಬೆರಳ ತುದಿಗಳು ಮರಗಟ್ಟಿದ್ದವು. ಹೆಂಡತಿಗೂ ಹೇಳಿರಲಿಲ್ಲ. ರಬ್ಬರು ತಾಗಿತೋ ಇಲ್ಲವೋ ತಿಳಿಯದೆ, ಎಣ್ಣೆ ಸೋರಿದರೆ ಮರ್ಯಾದೆ ಹೋದೀತೆಂದು, ಯಾರೂ ನೋಡದಾಗ ಸ್ಪ್ಯಾನರಿನಿಂದ ಒಂದು ಜಗ್ಗು ಜಗ್ಗುತ್ತಿದ್ದ. ಹೋದ ವರ್ಷದ್ದೂ ತನ್ನದೇ ಕೈಯೆಂಬುದರಲ್ಲಿ ಈಗ ಅನುಮಾನವೇ ಉಳಿಯಲಿಲ್ಲ.

"ಅಂತೂ ಬಂತಾ?" ನರ್ಸಮ್ಮ ನಕ್ಕಳು. "ನಿಮ್ಮ ತಮ್ಮನ ಕೈ ಭಾರಿ ಗಟ್ಟಿ ಬಿಡಿ."

ಒಂದು ಮಾತು ಸಾಕಿತ್ತು. ಬೆಳಿಗ್ಗೆ ಹೆಂಡತಿಯೆದುರು ತಾನೇ ಹೇಳಿದ ಮಾತು.

"ಹೂಂ," ಎಂದ. "ಎಷ್ಟು ಹೇಳಿದ್ರೂ ಅವನು ಕಲೀಲಿಲ್ಲ."

ಅವಳು ಫೋನ್ ಹಿಡಿದು ಬೀದಿಗೆ ಎದ್ದುಹೋದಳು. ಹೊಸ ಫಿಲ್ಟರಿನ ರಬ್ಬರಿಗೆ ಎಣ್ಣೆ ಸವರಿ ಕೈಯಲ್ಲೇ ತಿರುಗಿಸಿದ. ಬೆರಳಿಗೆ ಏನೂ ತಿಳಿಯಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಸ್ಪ್ಯಾನರ್ ಎತ್ತಿಕೊಂಡ, ಜಗ್ಗಿದ. ಅಭ್ಯಾಸಬಲದಿಂದ ತಾರೀಕು ಗೀರುವ ಮೊಳೆಯೂ ಕೈಗೆ ಬಂತು. ಅದನ್ನು ಡಬ್ಬಿಗೆ ವಾಪಸು ಹಾಕಿದ.