ಒಂಟೆಯ ತಲೆಯ ವಯಸ್ಸು

ಡಾಕ್ಟರ್ ಶಿವಬಸಪ್ಪ ಅಂಗಡಿಯವರ ಒಂಟೆಗೆ ಎರಡು ವಯಸ್ಸು ಬಂದಿತ್ತು. ಮೈಗೆ ಸುಮಾರು ಸಾವಿರದ ಇನ್ನೂರು ವರ್ಷ, ತಲೆಗೆ ಇನ್ನೂರು. ಮೊದಲನೆಯದನ್ನು ನೋಡಿ ಕಾತ್ಯಾಯಿನಿಗೆ ಸಂತೋಷವಾಯಿತು. ಎರಡನೆಯದನ್ನು ನೋಡಿದ ಮೇಲೆ ಊಟ ರುಚಿಸಲಿಲ್ಲ.

ಒಂಟೆ ಮಣ್ಣಿನದು. ಚೀನಾದಲ್ಲಿ ತಾಂಗ್ ಅರಸರ ಕಾಲದಲ್ಲಿ ದೊಡ್ಡ ಮನುಷ್ಯರು ಸತ್ತರೆ ಮಣ್ಣಿನ ಕುದುರೆ, ಒಂಟೆ, ಎತ್ತುಗಳನ್ನು ಮಾಡಿ, ಸುಟ್ಟು, ಸಮಾಧಿಯೊಳಗೆ ಇಡುತ್ತಿದ್ದರು. ಆಚೆಯ ಲೋಕಕ್ಕೆ ಹೋದವನಿಗೆ ಅಲ್ಲಿಯೂ ಸವಾರಿ ಬೇಕಲ್ಲ! ಅಂಗಡಿಯವರದು ಎರಡು ಡುಬ್ಬದ ಒಂಟೆ. ಎರಡಡಿ ಎತ್ತರ, ಜೇನಿನ ಬಣ್ಣದ ಹೊಳಪು, ಡುಬ್ಬಗಳ ನಡುವೆ ಹಸಿರು ಹಸುಬೆ ಚೀಲ. ಕತ್ತು ಮೇಲೆತ್ತಿ, ಬಾಯಿ ತೆರೆದು, ಯಾರನ್ನೋ ಬೈಯುತ್ತಿರುವ ಹಾಗೆ ನಿಂತಿತ್ತು. ೧೯೯೫ರಲ್ಲಿ ಹಾಂಗ್‌ಕಾಂಗ್‌ಗೆ ಹೋದಾಗ ಕೊಂಡು, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಮ್ಮ ಊರು ಶಾರ್ಲೆಟ್‌ಗೆ ತಂದಿದ್ದರು. ಎರಡು ವರ್ಷ ಮನೆಯ ಹಾಲ್‌ನಲ್ಲಿಟ್ಟು ಮೆರೆಸಿದ ಮೇಲೆ, ದಕ್ಷಿಣ ಕ್ಯಾರೊಲೈನಾದ ಒಂದು ಪುಟ್ಟ ಮ್ಯೂಸಿಯಂಗೆ ದಾನ ಕೊಡಲು ಮನಸ್ಸು ಮಾಡಿದ್ದರು. ಮ್ಯೂಸಿಯಂನವರು ಕುಣಿದಾಡಿ ಒಪ್ಪಿದರು. ಒಂದೇ ಷರತ್ತು: ವಯಸ್ಸಿನ ಪರೀಕ್ಷೆಯಾಗಬೇಕು, ಶುಕ್ರವಾರದ ಸಮಿತಿ ಸಭೆಗೆ ಮುಂಚೆ ವರದಿ ಬರಬೇಕು.

ಆ ಪರೀಕ್ಷೆ ಕಾತ್ಯಾಯಿನಿಯ ಕಸುಬು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದವಳು, ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಎರಡು ಕೋಣೆಯ ಲ್ಯಾಬ್ ಇಟ್ಟುಕೊಂಡಿದ್ದಳು. ಕೆಲಸದ ತತ್ವ ಸರಳ. ಮಣ್ಣಿನಲ್ಲಿ ಸದಾ ಚೂರು ವಿಕಿರಣ ಇರುತ್ತದೆ. ಅದರ ಶಕ್ತಿ ಮಣ್ಣಿನ ಹರಳುಗಳಲ್ಲಿ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಕುಂಬಾರ ಆವಿಗೆಯಲ್ಲಿ ಸುಟ್ಟಾಗ ಅದೆಲ್ಲ ಖಾಲಿಯಾಗಿ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಚಿಟಿಕೆ ಪುಡಿ ಕೊರೆದು ತಂದು ಕತ್ತಲೆ ಕೋಣೆಯಲ್ಲಿ ಕಾಯಿಸಿದರೆ, ಕೂಡಿಟ್ಟದ್ದು ಬೆಳಕಾಗಿ ಹೊರಬೀಳುತ್ತದೆ. ಬೆಳಕು ಹೆಚ್ಚಾದಷ್ಟೂ ವಯಸ್ಸು ಹೆಚ್ಚು.

ಅಂಚೆಯಲ್ಲಿ ಬಂದ ಪುಡಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಶಾರ್ಲೆಟ್‌ವರೆಗೆ ಏಳು ಗಂಟೆ ಕಾರು ಓಡಿಸಿಕೊಂಡು ಹೋಗಿ ತಾನೇ ಕೊರೆದು ತಂದಿದ್ದಳು. ಮ್ಯೂಸಿಯಂ ಕೇಳಿದ್ದು ಒಂದು ಜಾಗದ ಪುಡಿ; ಇವಳು ತೆಗೆದದ್ದು ಎರಡು ಜಾಗದಿಂದ, ಹೊಟ್ಟೆಯ ಕೆಳಗಿಂದ ಮತ್ತು ದವಡೆಯ ಒಳಗಿಂದ. ಹಳೆಯ ಮೈಗೆ ಹೊಸ ತಲೆ ಅಂಟಿಸಿ ಮಾರುವವರು ಆ ವ್ಯಾಪಾರದಲ್ಲಿ ಬೇಕಾದಷ್ಟಿದ್ದರು.

ತಲೆ ಹೊಸದಾಗಿದ್ದರೆ ಹೊಸದೆಂದು ಬರೆದು ಮುಗಿಸಬಹುದಿತ್ತು. ಆದರೆ ಇನ್ನೂರು ವರ್ಷ! ಇನ್ನೂರು ವರ್ಷದ ಹಿಂದೆ ಚೀನಾದಲ್ಲಿ ಸಮಾಧಿಯ ಒಂಟೆಯನ್ನು ಮನೆಯೊಳಗೆ ಇಟ್ಟುಕೊಳ್ಳುವವರೇ ಇರಲಿಲ್ಲ. ನಕಲು ಮಾಡಿ ಯಾರಿಗೆ ಮಾರುವುದು? ಇವು ರಾಶಿ ರಾಶಿಯಾಗಿ ಹೊರಬಿದ್ದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಲ್ಲಿನ ಲೊಯಾಂಗ್ ಊರಿನ ಸುತ್ತ ರೈಲು ಹಳಿ ಹಾಕುವಾಗ. ನಕಲಿ ಶುರುವಾದದ್ದೂ ಆಮೇಲೆಯೇ. ಅಂದಮೇಲೆ ತಲೆಗೆ ಸಾವಿರಕ್ಕೆ ಮೇಲ್ಪಟ್ಟು ಇರಬೇಕು, ಇಲ್ಲವೇ ನೂರರ ಒಳಗಿರಬೇಕು. ಅವಳು ಇನ್ನೊಮ್ಮೆ ಪುಡಿ ಕಾಯಿಸಿದಳು. ಮತ್ತೆ ಇನ್ನೂರು.

ಮೈಯ ವಯಸ್ಸಷ್ಟೇ ಬರೆದು ಸಹಿ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಮುಂದೆ ಯಾವನೋ ದವಡೆಯನ್ನೇ ಕೊರೆದರೆ, ಆಮೇಲೆ ಕಾತ್ಯಾಯಿನಿಯ ಸಹಿಯನ್ನು ಯಾವ ಮ್ಯೂಸಿಯಮ್ಮೂ ನಂಬುವುದಿಲ್ಲ. ಅವಳ ಲ್ಯಾಬ್ ನಿಂತದ್ದೇ ಆ ಸಹಿಯ ಮೇಲೆ. ಅರ್ಥವಾಗದ ಅಂಕಿಯ ಕೆಳಗೆ ಅದನ್ನು ಹಾಕುವುದಿಲ್ಲವೆಂದು ತೀರ್ಮಾನಿಸಿ ಶಾರ್ಲೆಟ್‌ಗೆ ಫೋನ್ ಮಾಡಿ ಎರಡೂ ಅಂಕಿ ಹೇಳಿದಳು.

"ಹಂಗಾರ ನಿಮ್ಮ ಮಷೀನ್ ಕೆಟ್ಟಿರಬೇಕ್ರಿ," ಎಂದರು ಡಾಕ್ಟರು.

"ಮಷೀನ್ ಸರಿಯಾಗೇ ಇದೆ ಡಾಕ್ಟ್ರೇ. ಅದೇ ಪ್ರಾಬ್ಲಮ್ಮು."

"ಫೋನಿನ್ಯಾಗ ಬ್ಯಾಡ. ನಾನs ಬರ್ತೀನಿ. ತಲಿ ಖರೇ ಐತಿ ಅನ್ನೋದಕ್ಕ ನನ್ನ ಹತ್ರ ಪುರಾವೆ ಐತಿ."

ಗುರುವಾರ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದಿಳಿದರು. ಅರವತ್ತು ದಾಟಿದ ಅಂಗಡಿಯವರು ಗದಗದ ಕಡೆಯವರು. ಶಾರ್ಲೆಟ್‌ನಲ್ಲಿ ಸ್ವಂತ ಸ್ಕ್ಯಾನಿಂಗ್ ಕ್ಲಿನಿಕ್ ನಡೆಸುವ ರೇಡಿಯಾಲಜಿಸ್ಟು. ಫಿಲ್ಮು ನೋಡಿ ರೋಗ ಹೇಳುವುದರಲ್ಲಿ ತಪ್ಪಿದವರಲ್ಲ, ಅದನ್ನು ಆಗಾಗ ಹೇಳಿಕೊಳ್ಳುವುದಕ್ಕೂ ಹಿಂಜರಿದವರಲ್ಲ. ಹೆಂಡತಿ ಗೌರಾಬಾಯಿ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿಗೆ ಬೈಯುತ್ತಲೇ ಕುರ್ಚಿ ಎಳೆದುಕೊಂಡು ಕುಳಿತರು.

ಕಾತ್ಯಾಯಿನಿ ಇನ್ನೂರರ ತೊಡಕನ್ನು ವಿವರಿಸಿದಳು. ಡಾಕ್ಟರು ಕೇಳಿ ಕೈಬೀಸಿ ತಳ್ಳಿಹಾಕಿದರು. "ನೋಡ್ರಿ ತಂಗಿ, ಈ ಒಂಟಿನ್ನ ಹೊರಗೂ ಒಳಗೂ ನನಗಿಂತ ಚಂದಾಗಿ ನೋಡಿದವ ಜಗತ್ತಿನ್ಯಾಗ ಇಲ್ಲ."

"ಇಲ್ಲ ಬಿಡ್ರಿ ಮತ್ತ," ಎಂದರು ಗೌರಾಬಾಯಿ. "ಮನಿಗೆ ಬಂದವ್ರಿಗೆ ಊಟಾ ಹಾಕಿದ ಕೂಡ್ಲೆ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿ ಒಂಟಿ ಮಲಗ್ಸಿ ತೋರ್ಸತಿದ್ರು. ಕಂಪ್ಯೂಟರಿನ್ಯಾಗ ಪೇಷಂಟ್ ಹೆಸರು ಒಂಟೆಪ್ಪ ಅಂಗಡಿ! ವಯಸ್ಸು ನಾಕು ಅಂಕಿ ತಗೊಳ್ಳಿಲ್ಲ ಅಂತ ತೊಂಬತ್ತೊಂಬತ್ತು ಹಾಕ್ಯಾರ."

ಕಾತ್ಯಾಯಿನಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. "ಸಿ.ಟಿ. ಸ್ಕ್ಯಾನ್ ಮಾಡಿದೀರಾ?"

"ಮಾಡೀನಿ. ಅದs ಪುರಾವೆ. ಫಿಲ್ಮು ಕಾರಿನ ಟ್ರಂಕಿನ್ಯಾಗ ಅದಾವು."

"ಎಷ್ಟು ಸಲ?"

"ಮೈ ಒಂದs ಸಲ. ತಲಿ..." ಅವರು ಹೆಂಡತಿಯ ಮುಖ ನೋಡಿದರು.

"ಆರು ಸಲ ಆಗಿರಬೇಕು," ಎಂದರು ಗೌರಾಬಾಯಿ. "ಎಲ್ಲಾರೂ ತಲೀನs ನೋಡಬೇಕು ಅಂತಿದ್ರು."

"ಡಾಕ್ಟ್ರೇ, ನಾನು ಅಳೆಯೋದೇ ರೇಡಿಯೇಷನ್ನು," ಎಂದಳು ಕಾತ್ಯಾಯಿನಿ. "ಮಣ್ಣು ನಿಧಾನಕ್ಕೆ ಕೂಡಿಟ್ಟಿದ್ದನ್ನ ನೀವು ಊಟ ಆದ್ಮೇಲೆ ಆರು ಸಲ ಮೇಲಿಂದ ಸುರಿದಿದೀರಿ."

ಡಾಕ್ಟರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮೂವತ್ತು ವರ್ಷ ಅದೇ ಕಿರಣಗಳ ನಡುವೆ ಬದುಕಿದವರು, ತಮ್ಮ ಹಣೆಯನ್ನು ತಾವೇ ತಟ್ಟಿಕೊಂಡರು. ಕೊರೆಯುವ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಕೇಳದಿದ್ದುದು ತನ್ನ ತಪ್ಪೆಂದು ಕಾತ್ಯಾಯಿನಿ ಅಲ್ಲಿಯೇ ಹೇಳಿದಳು.

ಲೆಕ್ಕಕ್ಕೆ ಇಬ್ಬರೂ ಕುಳಿತರು. ಒಂದು ಸ್ಕ್ಯಾನಿಗೆ ಎಷ್ಟು ಡೋಸ್ ಎನ್ನುವುದು ಅವರಿಗೆ ಬಾಯಿಪಾಠ. ಅದರಲ್ಲಿ ಮಣ್ಣಿನ ಹರಳು ಎಷ್ಟು ಹೀರುತ್ತದೆ ಎನ್ನುವುದು ಅವಳಿಗೆ. ಮೈಯ ಲೆಕ್ಕದಲ್ಲಿ ಆ ಒಂದು ಸ್ಕ್ಯಾನ್ ಸಮುದ್ರದಲ್ಲಿ ಚೊಂಬು ನೀರು. ಆದರೆ ತಲೆಯ ಇನ್ನೂರರಲ್ಲಿ ಆರು ಸ್ಕ್ಯಾನ್ ಕಳೆದಾಗ ಉಳಿದದ್ದು ಹೆಚ್ಚುಕಡಿಮೆ ಏನೂ ಇಲ್ಲ.

"ಹೊಸಾದು ಅಂತೀರಿ," ಎಂದರು ಡಾಕ್ಟರು.

"ಲೆಕ್ಕ ಹಾಗೆ ಹೇಳ್ತಾ ಇದೆ. ಆದ್ರೆ ಕಳೆದು ಹೇಳೋ ಲೆಕ್ಕಕ್ಕೆ ನಾನು ಸೈನ್ ಮಾಡಲ್ಲ. ಇನ್ನೊಂದು ಸಾಕ್ಷಿ ಬೇಕು. ಫಿಲ್ಮ್ ತನ್ನಿ."

ಕಿಟಕಿಯ ಗಾಜಿಗೆ ಫಿಲ್ಮುಗಳನ್ನು ಅಂಟಿಸಿದರು. ಕತ್ತಿನ ಬುಡದಲ್ಲಿ ಒಂದು ಗೆರೆ ಇತ್ತು. ಡಾಕ್ಟರು ಅದನ್ನು ಮೊದಲೇ ಕಂಡಿದ್ದರು, ಉತ್ತರವನ್ನೂ ಇಟ್ಟುಕೊಂಡಿದ್ದರು. "ಇವನ್ನ ಅಚ್ಚಿನ್ಯಾಗ ತುಂಡು ತುಂಡು ಮಾಡಿ ಹಸೀ ಮಣ್ಣಿನಿಂದ ಕೂಡಸ್ತಿದ್ರು. ಕುಂಬಾರನ ಜೋಡಣಿ ಅದು. ಪುಸ್ತಕದಾಗ ಓದೀನಿ."

"ಪುಸ್ತಕ ಸರಿ. ಈಗ ಒಂದು ಕೆಲಸ ಮಾಡಿ. ಇದು ನಿಮ್ಮ ಒಂಟೆ ಅಲ್ಲ. ಯಾರೋ ಪೇಷಂಟು, ಹೆಸರು ಗೊತ್ತಿಲ್ಲ. ಓದಿ ಹೇಳಿ."

"ಒಂಟೆಪ್ಪ ಅಂತ ಮೂಲ್ಯಾಗ ಬರದಾರ್ರಿ, ಹೆಂಗ ಗೊತ್ತಿಲ್ಲ ಅಂತೀರಿ?" ಎಂದು ನಕ್ಕರು ಗೌರಾಬಾಯಿ.

ಡಾಕ್ಟರು ಕನ್ನಡಕ ಹಣೆಗೇರಿಸಿ ಗಾಜಿನ ಹತ್ತಿರ ಹೋದರು. ಒಂದೊಂದೇ ಫಿಲ್ಮನ್ನು ಮೇಲಿಂದ ಕೆಳಗೆ ನೋಡಿದರು. ಮಾತಾಡಿದಾಗ ದನಿಯೇ ಬೇರೆ. ಕ್ಲಿನಿಕ್ಕಿನಲ್ಲಿ ವರದಿ ಹೇಳಿ ಬರೆಸುವ ದನಿ.

"ಮೈ ಮಣ್ಣಿನ ಗ್ವಾಡಿ ಒಂದ್ಕಡೆ ದಪ್ಪ, ಒಂದ್ಕಡೆ ತೆಳ್ಳಗ. ಒಳಗ ಬೆರಳಿನ ಒತ್ತು ಕಾಣಸ್ತಾವು. ತಲಿ ಗ್ವಾಡಿ ಎಲ್ಲಾ ಕಡೆ ಒಂದs ಸಮ, ಬೆರಳು ಎಲ್ಲೂ ಇಲ್ಲ; ಕೈಲೆ ಒತ್ತಿದ್ದಲ್ಲ, ನೀರುಮಣ್ಣು ಅಚ್ಚಿಗೆ ಸುರದದ್ದು. ನಡುವಿನ ಗೆರಿ ಕಪ್ಪಗ ಐತಿ. ಅದು ಮಣ್ಣಲ್ಲ, ಮಣ್ಣಿಗಿಂತ ಹಗುರ. ಅಂಟು." ಉಸಿರು ಬಿಟ್ಟರು. "ಮುರದ ಎಲುಬು ಕೂಡಿದ್ದಲ್ಲ ಇದು. ಇಬ್ರು ಪೇಷಂಟಿನ ಎಲುಬು ತಂದು ಒಂದ್ಕಡೆ ಇಟ್ಟಾರ."

ಗೌರಾಬಾಯಿ ಎದ್ದು ಬಂದು ಫಿಲ್ಮನ್ನು ತಾವೂ ಬಗ್ಗಿ ನೋಡಿದರು. "ಎರಡು ವರ್ಷ ನೋಡೀರಲ್ಲ, ಆವಾಗ ಯಾಕ ಕಾಣ್ಲಿಲ್ಲ?"

"ಆವಾಗ ನನ್ನ ಒಂಟಿ ನೋಡ್ತಿದ್ದೆ," ಎಂದರು ಡಾಕ್ಟರು.

ಕಾತ್ಯಾಯಿನಿ ವರದಿ ಟೈಪ್ ಮಾಡಿದಳು. ಮೈ ಸಾವಿರಕ್ಕೂ ಸಾವಿರದ ನಾನೂರಕ್ಕೂ ನಡುವಿನದು, ತಾಂಗ್ ಕಾಲಕ್ಕೆ ಹೊಂದುತ್ತದೆ. ತಲೆ ನೂರರೊಳಗಿನದು, ಅಂಟಿನಿಂದ ಕೂಡಿಸಿದ್ದು. ಆರು ಸ್ಕ್ಯಾನುಗಳ ವಿಷಯವನ್ನೂ ಬಿಡದೆ ಸೇರಿಸಿದಳು. ಕೊನೆಯಲ್ಲಿ ಸಹಿ ಹಾಕಿದಳು. ಡಾಕ್ಟರು ಕೈ ನೀಡಿದರು. "ಫಿಲ್ಮ್ ಓದಿದಾಂವ ನಾನು. ನನ್ನ ಸಹೀನೂ ಇರಲಿ."

ಫ್ಯಾಕ್ಸ್ ಹೋದ ಸ್ವಲ್ಪ ಹೊತ್ತಿಗೆ ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರ್ ಫೋನ್ ಮಾಡಿದಳು. ಕಾತ್ಯಾಯಿನಿ ಫೋನನ್ನು ಸ್ಪೀಕರಿಗೆ ಹಾಕಿದಳು. ವರದಿಯಲ್ಲಿ ಇಷ್ಟು ಬಿಚ್ಚಿ ಹೇಳಿದ ದಾನಿಯನ್ನು ತಾನು ನೋಡಿಲ್ಲ, ಎಂದಳು ಆಕೆ. ಒಂಟೆ ಬೇಕೇ ಬೇಕು, ನಾಳೆ ಸಮಿತಿಯ ಮುಂದೆ ತಾನೇ ವಾದಿಸುವುದಾಗಿ ಹೇಳಿದಳು. ಆದರೆ ಒಂದು ಪ್ರಶ್ನೆ: ಸಮಿತಿಯವರಲ್ಲಿ ಕೆಲವರು ಹೊಸ ತಲೆಯನ್ನು ಬಿಡಿಸಿ, ಬರೀ ಮೈಯನ್ನು ಇಡೋಣ ಎನ್ನಬಹುದು. ಇಲ್ಲವೇ ತಲೆ ಇಟ್ಟುಕೊಂಡು, ಕತ್ತಿನ ಗೆರೆ ಕಾಣದಂತೆ ಗೋಡೆಯ ಕಡೆ ತಿರುಗಿಸೋಣ ಎನ್ನಬಹುದು. ಡಾಕ್ಟರ್ ಏನು ಹೇಳುತ್ತಾರೆ?

ಡಾಕ್ಟರು ಯೋಚಿಸುವುದಕ್ಕೂ ನಿಲ್ಲಲಿಲ್ಲ.

"ತಲೆ ಇರಲಿ," ಎಂದರು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ. "ಪಕ್ಕದಲ್ಲಿ ನನ್ನ ಫಿಲ್ಮೂ ಇರಲಿ. ಗೆರೆ ಕಾಣುವ ಕಡೆಗೇ ದೀಪ ಹಾಕಿ."