ಕೈ ಕೊಟ್ಟ ಚಿತ್ರ

ದೂಜನ ಬಲಗೈ ಸತ್ತು ಮೂರು ವರ್ಷವಾಗಿತ್ತು. ಮುಂಬೈಯ ಸಾಂತಾಕ್ರೂಜ್ ಸ್ಟೇಶನ್ ಪಕ್ಕದ ಹೋಟೆಲಿನಲ್ಲಿ ಇಪ್ಪತ್ತೆಂಟು ವರ್ಷ ಸಪ್ಲೈಯರ್ ಆಗಿ, ಒಂದೇ ತೋಳಿನ ಮೇಲೆ ನಾಲ್ಕು ಪ್ಲೇಟು ದೋಸೆ ಹೊತ್ತು ತಿರುಗಿದವನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು, ಆ ತೋಳು ಒಣಹಾಕಿದ ಅಂಗಿಯ ತೋಳಿನ ಹಾಗೆ ನೇತಾಡತೊಡಗಿತು. ಧಣಿ ಸುಕೇಶ್ ಶೆಟ್ಟಿ ಅವನನ್ನು ತೆಗೆದುಹಾಕಲಿಲ್ಲ. ಅಕ್ಕಿ ಬೇಳೆ ನೋಡಿಕೊಳ್ಳಲು ಸ್ಟೋರ್ ರೂಮಿನಲ್ಲಿ ಕೂರಿಸಿದ. ಹಾಗಾಗಿ ಹೋಟೆಲಿನವರು ಕೊಟ್ಟಿದ್ದ ಚಾಳಿನ ಕೋಣೆಯೂ ಉಳಿಯಿತು. ಅದೇ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಹೆಂಡತಿ ವಾರಿಜಾ ಧಣಿಯ ಹೆಸರು ಹೇಳಿ ದಿನಾ ದೇವರಿಗೊಂದು ಹೂವಿಡುತ್ತಿದ್ದಳು.

ದೂಜ ಎಲ್ಲಕ್ಕೂ ಒಗ್ಗಿಕೊಂಡ, ಊಟವೊಂದನ್ನು ಬಿಟ್ಟು. ಊರಿಗೆಲ್ಲ ಬಡಿಸಿದ ತಾನು ಎಡಗೈಯಲ್ಲಿ, ಕುಂಡೆ ತೊಳೆಯುವ ಕೈಯಲ್ಲಿ, ಅನ್ನ ಕಲಸುವುದನ್ನು ಯಾರೂ ನೋಡಕೂಡದು. ಚಮಚ ಕೊಟ್ಟರೆ ಎಸೆಯುತ್ತಿದ್ದ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು, ಮೂಟೆಗಳ ನಡುವೆ ಎಲೆ ಹಾಸಿ, ಕದ್ದವನಂತೆ ಗಬಗಬ ಉಣ್ಣುತ್ತಿದ್ದ. ವಾರಿಜಾ ಕೂಡ ಆ ಹೊತ್ತಿಗೆ ಒಳಗೆ ಹೋಗುವಂತಿರಲಿಲ್ಲ.

ಅಂಥ ಊಟವನ್ನೇ ಚಿನ್ಮಯ್ ಹಿಂದಿನ ಗಲ್ಲಿಯ ಕಿಟಕಿಯಿಂದ ಸೆರೆಹಿಡಿದುಬಿಟ್ಟ. ಬೊರಿವಲಿಯ ಮೈಸೂರು ಕಡೆಯವರ ಮನೆಯ ಹುಡುಗ. ಕನ್ನಡ ಅರ್ಥವಾಗುತ್ತಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಫೈನ್ ಆರ್ಟ್ ಎಂದು ಎರಡು ವಾರ ಹೋಟೆಲಿನಲ್ಲಿ ಕ್ಯಾಮೆರಾ ಹಿಡಿದು ಅಲೆದಿದ್ದ. ಅವನ ಪಾಲಿಗೆ ಗೋಣಿಯೂ ಒಂದೇ, ಮನುಷ್ಯನೂ ಒಂದೇ. ಮೇಲೆ ಬೆಳಕು ಬಿದ್ದರೆ ಸಾಕು. ಗೋರೆಗಾಂವ್‌ನ ಕನ್ನಡ ಸಂಘದಲ್ಲಿ ಪ್ರದರ್ಶನ, ನೀವು ಉಣ್ಣುವ ಒಂದು ಚಿತ್ರವೂ ಇದೆ ಬನ್ನಿ ಎಂದು ಅವನು ಕಾರ್ಡು ಕೊಟ್ಟಾಗ ದೂಜ ಹೋಗಿ ಸ್ಟೋರ್ ರೂಮಿನ ಕಿಟಕಿಗೆ ಗೋಣಿ ಕಟ್ಟಿದ. ಎಷ್ಟು ಮಾನ ಹೋಗಿದೆ ನೋಡಿಯೇ ಬರೋಣ ಎಂದು ವಾರಿಜಾ ಹೊರಡಿಸಿದಳು.

ಚಿತ್ರ ಆಳೆತ್ತರಕ್ಕಿತ್ತು. ಕಪ್ಪು ಬಿಳುಪು, ಎಲೆ, ಅನ್ನದ ರಾಶಿ, ಬನಿಯನ್ ತೊಟ್ಟ ದೂಜ. ಅನ್ನದಲ್ಲಿದ್ದದ್ದು ಅವನ ಬಲಗೈ.

ವಾರಿಜಾಗೆ ಗುಟ್ಟು ತಕ್ಷಣ ತಿಳಿಯಿತು. ಗಂಡನ ಎಡಗೆನ್ನೆಯ ಮಚ್ಚೆ ಬಲಗೆನ್ನೆಗೆ ಹೋಗಿತ್ತು. ಬೆಳಕು ಯಾವ ಕಡೆಯಿಂದ ಬಂದರೆ ಚೆಂದ ಎಂದು ಲೆಕ್ಕ ಹಾಕಿ ಹುಡುಗ ಚಿತ್ರವನ್ನು ಎಡಬಲ ಮಗುಚಿದ್ದ. ಆದರೆ ದಿನಾ ಕನ್ನಡಿಯಲ್ಲಿ ಕಂಡ ಮುಖವೇ ಅದು, ದೂಜನಿಗೆ ಮಚ್ಚೆ ಕಾಣಲೇ ಇಲ್ಲ. ಕೈ ಮಾತ್ರ ಕಂಡಿತು. ಅರ್ಧ ಗಂಟೆ ನಿಂತ. ಆ ರಾತ್ರಿ ಮನೆಯಲ್ಲಿ, ಮೂರು ವರ್ಷದಲ್ಲಿ ಮೊದಲ ಸಲ, ಹೆಂಡತಿಯ ಎದುರು ಕೂತು ಉಂಡ. ಎಡಗೈಯಲ್ಲೇ. ವಾರಿಜಾ ಅತ್ತಳು, ಮಚ್ಚೆಯ ವಿಷಯ ಹೇಳಲಿಲ್ಲ.

ಅವಳು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಮುಂದಿನ ಶನಿವಾರ ಅಲ್ಲಿ ‘ಸ್ಪಂದನ’ ಎಂಬ ಕಾರ್ಯಕ್ರಮ. ಬಂದವರು ಒಂದೊಂದು ಚಿತ್ರ ಆರಿಸಿ ಅದು ತಮಗೆ ಏನು ಮಾಡಿತೆಂದು ಹೇಳಬೇಕು. ನಡೆಸುವವರು ಜಯಸಿಂಹ, ಕಲೆಯ ಬಗ್ಗೆ ಬರೆಯುವ ನಿವೃತ್ತ ಅಧಿಕಾರಿ. ದೂಜನ ಚಿತ್ರದ ಮುಂದೆ ಒಬ್ಬಾಕೆ ಏಕಾಂತ ಕಂಡಳು. ಇನ್ನೊಬ್ಬರು ಆ ಅನ್ನದ ಬಿಳುಪು ಊರು ಬಿಟ್ಟವನ ಮರೆವು ಎಂದರು. ಚಿತ್ರದಲ್ಲಿದ್ದವನು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ. ಅವನನ್ನು ಯಾರೂ ಗುರುತಿಸಲಿಲ್ಲ.

"ಎರಡು ಮಾತು ಹೇಳಿ ಬನ್ನಿ ಮಾರ್ರೆ," ಎಂದು ವಾರಿಜಾ ತಿವಿದಳು. "ಉಪಕಾರ ಮಾಡಿದವರಿಗೆ ಬಾಯಿ ಬಿಟ್ಟು ಹೇಳ್ಬೇಕು."

ದೂಜ ಹೋಗಿ ಮೈಕಿನ ಮುಂದೆ ನಿಂತ. ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಹೇಳಿದ, "ಚಿನ್ಮಯ್ ಸರ್ ನನಗೆ ಕೈ ಕೊಟ್ರು."

ಸಭೆಗೆ ಸಭೆಯೇ ನಕ್ಕಿತು. ಕೈ ಕೊಡುವುದೆಂದರೆ ನಂಬಿಸಿ ಮೋಸ ಮಾಡುವುದೆಂದು ಕನ್ನಡದಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿಲ್ಲದವನು ಚಿನ್ಮಯ್ ಒಬ್ಬನೇ. ಪಕ್ಕದವರು ಹಿಂದಿಯಲ್ಲಿ ಬಿಡಿಸಿ ಹೇಳಿದಾಗ ಅವನ ಕಿವಿ ಕೆಂಪಾಯಿತು. ಏನು ಮೋಸ ಮಾಡಿದೆ ಎಂದು ಎದ್ದು ನಿಂತು ಕೇಳಿದ. ದೂಜ ಗಾಬರಿಯಾದ. ಮೋಸವಲ್ಲ, ಇದು ಸತ್ತ ಕೈ, ಇಲ್ಲಿ ಉಣ್ಣುತ್ತಿದೆ ನೋಡಿ ಎಂದು ಎಡಗೈಯಿಂದ ಬಲಗೈಯನ್ನು ಎತ್ತಿ ಎಲ್ಲರಿಗೂ ತೋರಿಸಿದ.

ನಗು ನಿಂತಿತು. ಜಯಸಿಂಹ ಕನ್ನಡಕ ಏರಿಸಿ ಒಮ್ಮೆ ಚಿತ್ರವನ್ನೂ ಒಮ್ಮೆ ಮನುಷ್ಯನನ್ನೂ ನೋಡಿದರು. ಚಿತ್ರ ತಿರುಗಿಸಿದ್ದೀಯಾ ಎಂದು ಕೇಳಿದರು. ಚಿನ್ಮಯ್ ತಲೆ ತಗ್ಗಿಸಿದ. ಅಂಗವಿಕಲನ ಸತ್ಯವನ್ನು ಅಲಂಕಾರಕ್ಕೆ ಬಲಿ ಕೊಟ್ಟಿದ್ದಾರೆ ಎಂದು ಅವರು ಇಪ್ಪತ್ತು ನಿಮಿಷ ಮಾತಾಡಿದರು. ಆ ಇಪ್ಪತ್ತು ನಿಮಿಷವೂ ದೂಜ ಕೈ ಹಿಡಿದುಕೊಂಡೇ ನಿಂತಿದ್ದ. ಇಳಿಸಿ ಎಂದು ಅವನಿಗೆ ಯಾರೂ ಹೇಳಲಿಲ್ಲ.

ತಿರುಗಿಸಿದ್ದು, ಅಲಂಕಾರ, ಬಲಿ, ಒಂದೂ ಅವನ ತಲೆಗೆ ಹೋಗಲಿಲ್ಲ. ನನ್ನಿಂದ ಹುಡುಗನಿಗೆ ಬೈಗುಳ ಬಿತ್ತಲ್ಲ ಎಂದು ಲೋಕಲ್ ರೈಲಿನಲ್ಲಿ ಮರುಗಿದ. ಆಗಲೂ ವಾರಿಜಾ ಹೇಳಬಹುದಿತ್ತು. ಹೇಳಲಿಲ್ಲ. ವಾರ ಕಳೆದ ಮೇಲೆ ಅವನು ಹೋಟೆಲಿನವರಿಗೆಲ್ಲ ತನ್ನ ಚಿತ್ರ ತೋರಿಸುತ್ತೇನೆಂದು ಹೊರಟ. ಅಡುಗೆ ಭಟ್ಟರು, ಕ್ಲೀನರುಗಳು, ಗಲ್ಲೆಯಲ್ಲಿ ದುಡ್ಡು ಎಣಿಸುವವನು, ಸ್ವತಃ ಸುಕೇಶ್ ಶೆಟ್ಟಿ ಕಾರಿನಲ್ಲಿ. "ನನ್ನ ಕೈ ನೋಡಿ ಧಣಿ," ಎನ್ನುತ್ತ ದೂಜ ಎಲ್ಲರಿಗಿಂತ ಮುಂದೆ ಒಳಗೆ ಹೋದ.

ಚಿನ್ಮಯ್ ತಪ್ಪು ತಿದ್ದಿಕೊಂಡಿದ್ದ. ಚಿತ್ರವನ್ನು ನೆಟ್ಟಗೆ ಮಾಡಿ, ಇನ್ನೂ ದೊಡ್ಡದಾಗಿ ಮುದ್ರಿಸಿ, ಕೆಳಗೆ ‘ಎಡ’ ಎಂದು ಹೆಸರಿಟ್ಟಿದ್ದ. ಅನ್ನದೊಳಗೆ ಮುಳುಗಿದ ಎಡಗೈಯ ಒಂದೊಂದು ಉಗುರೂ ಲೆಕ್ಕಕ್ಕೆ ಸಿಗುತ್ತಿತ್ತು. ಮುಂದೆ ಜನ ಸಾಲುಗಟ್ಟಿದ್ದರು. ಪತ್ರಿಕೆಗಳು ಈ ಪ್ರಾಮಾಣಿಕತೆಯನ್ನು ಕೊಂಡಾಡಿದ್ದವು. ದೂಜ ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ವಾರಿಜಾಗೆ ತನ್ನ ನಾಲಿಗೆಯನ್ನೇ ಕಿತ್ತು ಹಾಕಬೇಕೆನಿಸಿತು. ಭಟ್ಟರು ನೋಡದವರಂತೆ ಮುಖ ತಿರುಗಿಸಿದರು. ಸುಕೇಶ್ ಶೆಟ್ಟಿ ಮಾತ್ರ ಚಿತ್ರವನ್ನು ಬಿಟ್ಟು ಸಾಲಿನಲ್ಲಿದ್ದ ಜನರನ್ನು ನೋಡುತ್ತಿದ್ದ.

ಮರುದಿನ ಧಣಿ ಕರೆಸಿದ. ದನಿಯಲ್ಲಿ ಪ್ರೀತಿಯೇ ಇತ್ತು.

"ದೂಜಣ್ಣ, ಇನ್ನು ನಿಮ್ಮ ಊಟ ಹೊರಗೆ, ಒಂದನೇ ಟೇಬಲ್ಲಿಗೆ. ಒಂದು ಗಂಟೆಗೆ, ಗಿರಾಕಿಗಳು ಇರುವಾಗ. ನಿಮ್ಮನ್ನು ಕೇಳಿಕೊಂಡು ಜನ ಬರ್ತಾ ಇದ್ದಾರೆ."

ದೂಜ ಒಂದನೇ ಟೇಬಲ್ಲಿಗೆ ಕೂತು ಹೆಂಡತಿಯನ್ನು ನೋಡಿದ. ಸುತ್ತ ಏಳೆಂಟು ಫೋನು ತಯಾರಾಗಿದ್ದವು. ಬೇಡ ಎಂದು ಅವಳು ಒಂದು ಮಾತು ಹೇಳಿದ್ದರೆ ಎದ್ದುಬಿಡುತ್ತಿದ್ದ. ವಾರಿಜಾ ಗಲ್ಲೆಯಲ್ಲಿ ಕೂತ ಧಣಿಯ ಮುಖ ನೋಡಿದಳು, ಚಾಳಿನ ಕೋಣೆ ನೆನೆದಳು.

"ಉಣ್ಣಿ," ಎಂದಳು.

ಅವನು ಎಡಗೈ ಮುಂದೆ ತಂದ. ಸಾರು ಕಲಸಿದ, ತುತ್ತು ಮಾಡಿದ, ಎತ್ತಿದ. ಒಬ್ಬ ಹುಡುಗಿಯ ಫೋಟೋ ಸರಿಯಾಗಿ ಬರಲಿಲ್ಲ. ಅಂಕಲ್, ಏಕ್ ಬಾರ್ ಔರ್ ಎಂದು ಇನ್ನೊಮ್ಮೆ ಎತ್ತಲು ಮೆತ್ತಗೆ ಕೇಳಿದಳು. ಗಿರಾಕಿ ಕೇಳಿದ್ದಕ್ಕೆ ಇಲ್ಲವೆಂದು ಹೇಳಿ ದೂಜನಿಗೆ ಅಭ್ಯಾಸವಿರಲಿಲ್ಲ. ಬಾಯಿಯ ತನಕ ತಂದ ತುತ್ತನ್ನು ಎಲೆಗೆ ಇಳಿಸಿ, ಮತ್ತೆ ಎತ್ತಿದ.