ಹತ್ತು ಗಂಟೆಗೆ ತೆರೆಯುವ ಐಸ್ ಫ್ಯಾಕ್ಟರಿ

ಹೊನ್ನಾವರದ ಬಂದರಿನಲ್ಲಿ ಮೀನುಗಾರರ ಸಂಘದ ಐಸ್ ಫ್ಯಾಕ್ಟರಿ ಶುರುವಾದದ್ದು ಎಪ್ಪತ್ತೇಳರಲ್ಲಿ. ಎರಡು ವರ್ಷ ತುಂಬುವ ಮೊದಲೇ ಅದನ್ನು ಮಾರಿಬಿಡುವ ಮಾತು ಎದ್ದಿತು. ಆ ಸುದ್ದಿ ಕಿವಿಗೆ ಬಿದ್ದ ದಿನ ಹೊಳೆ ನಡುವಿನ ಮಾವಿನಕುರ್ವೆ ದ್ವೀಪದ ಮೀನು ಮಾರುವ ಸುಬ್ಬಿ ಉಣ್ಣುತ್ತಿದ್ದ ಬಟ್ಟಲು ಬಿಟ್ಟು ಎದ್ದಳು. ತನ್ನ ಎರಡು ಷೇರು ಮುಳುಗುವುದಾದರೆ ಮುಳುಗಲಿ, ಅದನ್ನು ಹೇಗೋ ತಡೆದುಕೊಂಡಾಳು. ಆದರೆ ಕುರ್ವೆಯ ಹನ್ನೊಂದು ಹೆಂಗಸರ ಮನೆಬಾಗಿಲಿಗೆ ಹೋಗಿ, ಅವರ ಚಾ ಕುಡಿದು, ಅವರದೇ ತಲೆ ತಿಂದು, ‘ಒಂದೊಂದು ಷೇರು ತಕಣಿ, ನಾ ಹೇಳ್ತೆ’ ಎಂದು ಒಪ್ಪಿಸಿದವಳು ಅವಳೇ. ಮೀನು ಮಾರಿ ಕೂಡಿಟ್ಟ ದುಡ್ಡನ್ನು ಅವರು ಕೊಟ್ಟದ್ದು ಸಂಘದ ಮುಖ ನೋಡಿ ಅಲ್ಲ, ಸುಬ್ಬಿಯ ಮುಖ ನೋಡಿ.

ಅವರಲ್ಲೆಲ್ಲ ಹಿರಿಯಳಾದ ತಿಮ್ಮಕ್ಕ ಈಗ ಸುಬ್ಬಿಯೊಂದಿಗೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಬುಟ್ಟಿ ಹೊತ್ತು ಹೊಳೆ ದಾಟುವ ದೋಣಿಯಲ್ಲಿ ಸುಬ್ಬಿ ಈಚೆ ಕೂತರೆ ತಿಮ್ಮಕ್ಕ ಆಚೆ ಮುಖ ಮಾಡಿ ಕೂರುತ್ತಿದ್ದಳು. ಉಳಿದ ಹತ್ತು ಮಂದಿಯೂ ಹಾಗೆಯೇ. ಇಡೀ ದೋಣಿಯಲ್ಲಿ ಸುಬ್ಬಿಯೊಡನೆ ಮಾತಾಡುತ್ತಿದ್ದವನು ಅಂಬಿಗನೊಬ್ಬನೇ, ಅದೂ ಕಾಸು ಕೇಳಲಿಕ್ಕೆ. ಬಾಯಿ ಮುಚ್ಚಿ ಕೂತು ಅಭ್ಯಾಸವಿಲ್ಲದ ಸುಬ್ಬಿಗೆ ಇದು ದೊಡ್ಡ ಶಿಕ್ಷೆಯಾಗಿತ್ತು.

ಯಂತ್ರವನ್ನು ದೂರುವ ಹಾಗೇ ಇರಲಿಲ್ಲ. ಕುಮಟೆಯಿಂದ ಬಂದ ಮಿಸ್ತ್ರಿ ಮಾಬ್ಲ ಅದನ್ನು ಹಸುಗೂಸಿನಂತೆ ನೋಡಿಕೊಳ್ಳುತ್ತಿದ್ದ. ಸಂಜೆ ನೀರು ತುಂಬಿದರೆ ಮರುದಿನಕ್ಕೆ ಮೊಣಕಾಲೆತ್ತರದ ಐಸ್ ಗಡ್ಡೆಗಳು ತಯಾರು. ಐಸ್ ಇದ್ದರೆ ಮೀನಿನ ಹೆಂಗಸರು ಮಧ್ಯಾಹ್ನದೊಳಗೆ ಸಿಕ್ಕಿದ ಬೆಲೆಗೆ ಮಾರಿ ಕೈ ತೊಳೆದುಕೊಳ್ಳಬೇಕಾಗಿರಲಿಲ್ಲ, ಬಸ್ಸು ಹತ್ತಿ ಘಟ್ಟದ ಮೇಲಿನ ಸಿದ್ದಾಪುರದವರೆಗೂ ಹೋಗಬಹುದಿತ್ತು. ಸುಬ್ಬಿ ಮನೆ ಮನೆಗೆ ಹೇಳಿದ್ದು ಇದನ್ನೇ, ಮತ್ತು ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ತೊಂದರೆ ಇದ್ದದ್ದು ನಡೆಸುವವರಲ್ಲಿ. ಸಂಘದ ಅಧ್ಯಕ್ಷರು ಜವಳಿ ಅಂಗಡಿಯ ಅಣ್ಣಪ್ಪ. ಪ್ರಾಮಾಣಿಕರು, ಕಚೇರಿಗಳಲ್ಲಿ ನಾಲ್ಕು ಜನರ ಪರಿಚಯ ಇದ್ದವರು ಎಂದು ಎಲ್ಲರೂ ಸೇರಿ ಅವರನ್ನು ಕೂರಿಸಿದ್ದರು. ಅವರಿಗೆ ಮೀನು ಬಲು ಇಷ್ಟ. ಆದರೆ ಮೀನು ದಡಕ್ಕೆ ಬರುವ ಹೊತ್ತಿನಲ್ಲಿ ಅವರು ಮುಸುಕು ಹೊದ್ದು ಮಲಗಿರುತ್ತಿದ್ದರು. ತಮ್ಮ ಅಂಗಡಿ ಹೇಗೋ ಫ್ಯಾಕ್ಟರಿಯೂ ಹಾಗೇ ಎಂದುಕೊಂಡ ಅವರು, ಬೆಳಗ್ಗೆ ಹತ್ತಕ್ಕೆ ಬಾಗಿಲು, ಒಂದರಿಂದ ಎರಡೂವರೆ ಊಟ, ಐದೂವರೆಗೆ ಬಂದ್, ಭಾನುವಾರ ರಜೆ ಎಂದು ಹಲಗೆ ಬರೆಸಿದರು. ಮ್ಯಾನೇಜರ್ ಎಂದು ಸೋದರಳಿಯ ದೇವುವನ್ನು ನೇಮಿಸಿದರು. ದೇವು ಕುಮಟೆಯಿಂದ ಒಂಬತ್ತೂವರೆ ಬಸ್ಸಿಗೆ ಇಳಿಯುತ್ತಿದ್ದ, ಐಸ್ ಕೋಣೆಯ ಕೀಲಿಕೈ ಅವನ ಜೇಬಿನಲ್ಲಿ. ಐಸ್ ಬೇಕಾದವರು ಅರ್ಜಿ ಬರೆದು ಕೊಡಬೇಕು. ದೋಣಿಗಳು ಬರುವುದು ಬೆಳಗಿನ ಐದಕ್ಕೆ. ಹತ್ತಕ್ಕೆ ದೇವು ಬೀಗ ತೆಗೆದು, ರಿಜಿಸ್ಟರ್ ಬಿಡಿಸಿ, ಪೆನ್ನು ಒದರಿ ಶಾಯಿ ಇಳಿಸುವ ಹೊತ್ತಿಗೆ ಮೀನು ಬೆಕ್ಕಿಗೂ ಬೇಡವಾಗಿರುತ್ತಿತ್ತು.

ದೀಪಾವಳಿ ಕಳೆದ ಮೊದಲ ಭಾನುವಾರ ಶಾಲೆಯ ಹಾಲಿನಲ್ಲಿ ಷೇರುದಾರರ ಸಭೆ ಸೇರಿತು. ನಲವತ್ತು ಚಿಲ್ಲರೆ ಜನ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರು. ಅಣ್ಣಪ್ಪ ಗಂಟಲು ಸರಿಮಾಡಿಕೊಂಡು, ಐಸ್ ತಯಾರಾಗುತ್ತದೆ, ಕೊಳ್ಳುವವರಿಲ್ಲ, ಸಂಘಕ್ಕೆ ನಷ್ಟ, ಭಟ್ಕಳದ ಒಬ್ಬ ಸಾಹುಕಾರರು ಯಂತ್ರ ಕೊಳ್ಳಲು ತಯಾರಿದ್ದಾರೆ, ಷೇರಿಗೆ ಅರ್ಧ ದುಡ್ಡು ವಾಪಸು ಬಂದೀತು ಎಂದರು.

“ಅರ್ಧ ಬಂದ್ರೆ ಅರ್ಧವೇ ಸೈ,” ಎಂದ ದೋಣಿ ಇಟ್ಟ ಈರ. ಐದು ಷೇರಿನವನು, ದನಿಯೂ ಐದು ಜನರದ್ದು. “ಈ ಮಷೀನಿನ ಸಹವಾಸ ಸಾಕು ಮಾರಾಯ್ರೆ. ನಮ್ಮ ಉಪ್ಪುಗಾಳಿಗೆ ಇದೆಲ್ಲ ಆಗೂದಲ್ಲ.”

“ಮಷೀನು ಒಂದೇ ಒಂದು ದಿನ ಕೈ ಕೊಟ್ಟದ್ದಿದ್ರೆ ತೋರ್ಸು!” ಎಂದು ಹಿಂದಿನಿಂದ ಮಾಬ್ಲ ಎದ್ದುನಿಂತ. ಹೆತ್ತ ಮಗಳನ್ನು ಯಾರೋ ಬೈದಷ್ಟು ಸಿಟ್ಟು ಅವನಿಗೆ.

ಶುರುವಿನ ಪೂಜೆಯಲ್ಲೇ ಏನೋ ಲೋಪವಾಗಿದೆ ಎಂದು ಒಬ್ಬ ಹೇಳಿದ. ಪೂಜೆಯಲ್ಲಿ ಹಂಚಿದ ಅವಲಕ್ಕಿ ತನಗೆ ಸಿಗಲಿಲ್ಲ ಎಂದು ಇನ್ನೊಬ್ಬ ನೆನಪಿಸಿಕೊಂಡ. ಅವಲಕ್ಕಿಯ ಮೇಲೆ ಕಾಲು ಗಂಟೆ ಚರ್ಚೆ ನಡೆಯಿತು. ಸುಬ್ಬಿಗೆ ಇನ್ನು ತಡೆಯಲಾಗಲಿಲ್ಲ.

“ಅಣ್ಣಪ್ಪಣ್ಣ, ನಾ ಒಂದು ಕೇಳ್ತೆ. ಆಗದೇ ಇದ್ದ ಮಷೀನನ್ನ ಭಟ್ಕಳದ ಸಾಹುಕಾರ್ರು ಎಂತಕ್ಕೆ ತಕೊಳ್ತ್ರು? ಅವ್ರಿಗೆ ದುಡ್ಡು ಹೆಚ್ಚಾಗಿದ್ಯಾ?”

ಹಾಲಿನಲ್ಲಿ ಗುಸುಗುಸು ಎದ್ದಿತು. ಅಣ್ಣಪ್ಪ ಬಾಯಿ ತೆರೆಯುವ ಮೊದಲೇ ದೇವು ರಿಜಿಸ್ಟರ್ ಎತ್ತಿಕೊಂಡು ನಿಂತ. “ಐಸಿನ ಮರ್ಯಾದೆ ಕಳೆದವರು ಈ ಹೆಂಗಸರೇ! ಒಯ್ದ ಐಸನ್ನು ಪೇಟೆ ಮುಟ್ಟುವ ಮೊದಲೇ ಚೆಲ್ಲಿ, ಮೀನಿಗೆ ಹೊಯ್ಗೆ ಉದುರಿಸ್ತಾರೆ. ಇಲ್ಲ ಅನ್ನಲಿ ನೋಡುವಾ!”

ಹೆಂಗಸರೆಲ್ಲ ಒಮ್ಮೆಗೇ ಸೆರಗು ಸರಿಮಾಡಿಕೊಂಡರು. ಮಾತು ನಿಜವೇ. ಪೇಟೆಯ ಅಮ್ಮಂದಿರಿಗೆ ಐಸಿನ ಮೀನು ಎಂದರೆ ಹಳಸಲು, ಹೊಯ್ಗೆ ಅಂಟಿದ ಮೀನು ಎಂದರೆ ಈಗಷ್ಟೇ ಬಲೆಯಿಂದ ದಡದ ಮರಳಿಗೆ ಬಿದ್ದದ್ದು. ಹೀಗಾಗಿ ಹತ್ತರವರೆಗೆ ಕಾದು ಹೇಗೋ ಐಸ್ ಪಡೆದ ದಿನಗಳಲ್ಲೂ, ಕೈ ಮರಗಟ್ಟಿಸಿಕೊಂಡು ಐಸಿನಲ್ಲಿ ಕಾಪಾಡಿದ ಮೀನಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಕೂತು ಹೊಯ್ಗೆ ಹಾಕುವುದು ರೂಢಿಯಾಗಿಬಿಟ್ಟಿತ್ತು. ಸುಬ್ಬಿಯ ಮುಖ ಕೆಂಪಾಯಿತು. ತಿಮ್ಮಕ್ಕ ತನ್ನನ್ನೇ ನೋಡುತ್ತಿದ್ದಾಳೆಂದು ಅವಳಿಗೆ ಗೊತ್ತಿತ್ತು.

“ಹೌದು,” ಎಂದಳು. “ನಾನೂ ಹಾಕ್ದೆ. ತಪ್ಪೇ. ಗಿರಾಕಿ ಹೋದೀತು ಅಂತ ಹೆದ್ರಿ ಹಾಕ್ದೆ. ನಾವು ಐಸ್ ಅಡಗ್ಸಿದ್ವು, ನೀವು ಐಸ್‌ಗೆ ಬೀಗ ಹಾಕಿದ್ರಿ. ಇದ್ರಲ್ಲಿ ಮಷೀನು ಎಂತ ತಪ್ಪು ಮಾಡ್ತು?”

ಅಷ್ಟಕ್ಕೇ ಬಿಡದೆ ಸುಬ್ಬಿ ಇನ್ನೊಂದು ಮಾತು ಸೇರಿಸಿದಳು: “ಮಾರೂದಾದ್ರೆ ಮಾರಿ. ಆದ್ರೆ ಕೈ ಎತ್ತೂದು ಇಲ್ಲಿ ಬೇಡ. ನಾಳೆ ಬೆಳಿಗ್ಗೆ ಐದಕ್ಕೆ ಬಂದರಿನಲ್ಲಿ, ಐಸ್ ಕೋಣೆ ಬಾಗ್ಲಲ್ಲಿ ಸಭೆ ಮಾಡುವಾ. ಅಣ್ಣಪ್ಪಣ್ಣ, ನೀವೂ ಬರ್ಬೇಕು.”

ಐದು ಗಂಟೆ ಎಂದಾಗ ಅಣ್ಣಪ್ಪನವರ ಮುಖ ಜ್ವರ ಬಂದವರ ಹಾಗಾಯಿತು. ಆದರೆ ದೋಣಿಯವರೆಲ್ಲ ‘ಆತು, ಆತು’ ಎಂದುಬಿಟ್ಟರು. ಹೇಗಿದ್ದರೂ ಅವರು ಆ ಹೊತ್ತಿಗೆ ಅಲ್ಲಿರುವವರೇ.

ಮರುದಿನ ಅಣ್ಣಪ್ಪ ತಲೆಗೆ ಮಫ್ಲರ್ ಸುತ್ತಿ, ಕೈಯಲ್ಲಿ ಟಾರ್ಚು ಹಿಡಿದು ಬಂದಾಗ ಬಂದರಿನಲ್ಲಿ ಜಾತ್ರೆಯಷ್ಟು ಗದ್ದಲ. ಬಂಗುಡೆ ಮೀನಿನ ಕಾಲ, ದೋಣಿಗಳು ತುಂಬಿ ಬಂದಿದ್ದವು. ಹರಾಜು ಕೂಗುವವನ ಬಾಯಿಗೆ ಬಿಡುವಿಲ್ಲ. ಮೊದಲ ಬುಟ್ಟಿ ಒಳ್ಳೆಯ ಬೆಲೆಗೇ ಹೋಯಿತು. ಇನ್ನೂ ಇನ್ನೂ ದೋಣಿ ಬರುತ್ತಿದ್ದಂತೆ ಬೆಲೆ ಇಳಿಯಿತು. ಬೆಳಕು ಹರಿಯುವಾಗ ಅರ್ಧ. ಬಿಸಿಲು ಏರುತ್ತಿದ್ದ ಹಾಗೆ ಲಾರಿಯ ವ್ಯಾಪಾರಿಗಳು ಬೀಡಿ ಹಚ್ಚಿಕೊಂಡು ಸುಮ್ಮನೆ ಕೂತರು. ಅವರಿಗೇನು ಅವಸರ? ಅವಸರವಿದ್ದದ್ದು ಮೀನಿಗೆ.

ಅಣ್ಣಪ್ಪ ಬುಟ್ಟಿಯಿಂದ ಬುಟ್ಟಿಗೆ ಓಡಾಡಿದರು. “ಇದೇನು, ಎರಡು ತಾಸಿನೊಳಗೆ ಅರ್ಧಕ್ಕರ್ಧ ಇಳಿದುಹೋಯ್ತಲ್ಲ! ನೀವು ಕೊಡದಿದ್ದರಾಯ್ತು, ನಾಳೆ ಮಾರಿ!”

“ನಾಳೆಗೆ ಇಡುಕೆ ಇದು ಸೀರೆ ಅಲ್ಲ ಮಾರಾಯ್ರೆ,” ಎಂದಳು ಸುಬ್ಬಿ. ಅವರ ಟಾರ್ಚನ್ನು ಇಸಿದುಕೊಂಡು ಐಸ್ ಕೋಣೆಯ ಕಿಟಕಿಯೊಳಗೆ ಬೆಳಕು ಬಿಟ್ಟಳು. ಒಳಗೆ ಗಡ್ಡೆಗಳು ಸಾಲಾಗಿ ಮಲಗಿದ್ದವು, ಮೈಯಿಂದ ಹೊಗೆ ಏಳುತ್ತಿತ್ತು. ಹೊರಗೆ ಬಾಗಿಲಿಗೆ ಅಂಗೈಯಗಲದ ಬೀಗ. ಅಣ್ಣಪ್ಪ ಆ ಬೀಗವನ್ನು ನೋಡಿದರು, ಬುಟ್ಟಿಗಳನ್ನು ನೋಡಿದರು. ವ್ಯಾಪಾರ ಅವರ ರಕ್ತದಲ್ಲಿತ್ತು, ಅರ್ಥವಾಗಲು ಬಹಳ ಹೊತ್ತು ಹಿಡಿಯಲಿಲ್ಲ.

“ಹತ್ತು ಗಂಟೆ ಎಂದು ಬರೆಸಿದ ಕತ್ತೆ ನಾನೇ,” ಎಂದು ಪಂಚೆ ಎತ್ತಿ ಕಟ್ಟಿ ಮನೆಯ ಕಡೆ ಓಡಿದರು. ಇನ್ನೊಂದು ಕೀಲಿಕೈ ಅವರ ಕಪಾಟಿನಲ್ಲಿತ್ತು. ಹೊನ್ನಾವರದ ಜನ ಜವಳಿ ಅಂಗಡಿಯ ಅಣ್ಣಪ್ಪ ಓಡುವುದನ್ನು ನೋಡಿದ್ದು ಅದೇ ಮೊದಲು.

ಬಾಗಿಲು ತೆರೆದದ್ದೇ ತಡ, ನೂಕುನುಗ್ಗಲು. ಮಾಬ್ಲ ಗಡ್ಡೆಗಳನ್ನು ಒಡೆದು ಒಡೆದು ಕೊಟ್ಟ. ಮೀನು ಐಸಿನಡಿ ಸೇರುತ್ತಿದ್ದಂತೆ ಲಾರಿಯವರು ಬೀಡಿ ಎಸೆದು ಎದ್ದು ಬಂದರು, ತಾವೇ ಬೆಲೆ ಏರಿಸಿ ಕೂಗಿದರು. ಅದನ್ನು ಕೇಳಿ ಸುಬ್ಬಿಗೆ ಕುಣಿಯಬೇಕೆನಿಸಿತು.

ಆಮೇಲೆ ಅಣ್ಣಪ್ಪ ಏದುಸಿರು ಬಿಡುತ್ತಲೇ ಸಭೆ ನಡೆಸಿದರು. ಮಾರಬೇಕು ಎನ್ನುವವರು ತೆಂಗಿನಮರದ ಕಡೆ, ಬೇಡ ಎನ್ನುವವರು ಐಸ್ ಕೋಣೆಯ ಕಡೆ. ಷೇರು ಎಷ್ಟಿದ್ದರೂ ತಲೆಗೊಂದೇ ಮತ. ಬೇಡವೆಂದು ಗೆದ್ದರೆ ನಸುಕಿನ ನಾಲ್ಕಕ್ಕೆ ಬಾಗಿಲು ತೆರೆಯುವುದು, ಕೀಲಿಕೈ ಸುಬ್ಬಿಯ ಹತ್ತಿರ, ದೇವುವಿಗೆ ಬರೇ ಲೆಕ್ಕ. ಈರ ಎಲ್ಲರಿಗಿಂತ ಮೊದಲು ತೆಂಗಿನಮರದ ಕಡೆ ಹೋಗಿ ನಿಂತ. ಅವನ ಹೆಗಲ ಮೇಲೆ ಒಂದು ಇಡೀ ಗಡ್ಡೆ, ನೀರು ಬೆನ್ನಿನ ಮೇಲೆ ಸುರಿಯುತ್ತಿತ್ತು.

“ಈರಣ್ಣ, ಐಸ್ ಇಟ್ಟು ಹೋಗು ಹಾಗಾರೆ!” ಎಂದು ಯಾರೋ ಕೂಗಿದರು. ಬಂದರಿಗೆ ಬಂದರೇ ನಕ್ಕಿತು. ಈರ ಒಂದು ಗಳಿಗೆ ನಿಂತು, ಗಡ್ಡೆಯನ್ನು ಇಳಿಸುವ ಮನಸ್ಸಾಗದೆ, ಅದನ್ನು ಹೊತ್ತುಕೊಂಡೇ ಈಚೆ ಬಂದ. ಆದರೂ ಎರಡು ಕಡೆ ಎಣಿಸಿದರೆ ‘ಅರ್ಧ ದುಡ್ಡಾದರೂ ಕೈಗೆ ಬರಲಿ’ ಎನ್ನುವವರು ತೆಂಗಿನಮರದ ಕಡೆ ಆರು ಜನ ಹೆಚ್ಚಿದ್ದರು. ನಡುವೆ ಉಳಿದವರು ಕುರ್ವೆಯ ಹನ್ನೊಂದು ಹೆಂಗಸರು, ಎಲ್ಲರ ಮುಂದೆ ತಿಮ್ಮಕ್ಕ.

ಸುಬ್ಬಿಗೆ ಅವರನ್ನು ಕರೆಯುವ ಧೈರ್ಯ ಬರಲಿಲ್ಲ. ತಿಮ್ಮಕ್ಕ ಐಸ್ ಕೋಣೆಯೊಳಗೆ ಇಣುಕಿದಳು, ಒಂದು ಚೂರು ಐಸ್ ಎತ್ತಿ ಅಂಗೈಯಲ್ಲಿಟ್ಟು ನೋಡಿದಳು, ಬುಟ್ಟಿಯ ಬಂಗುಡೆಯ ಕಣ್ಣು ಒತ್ತಿ ನೋಡಿದಳು. ನಂತರ ಬಂದು ಸುಬ್ಬಿಯ ಪಕ್ಕದಲ್ಲೇ ಬುಟ್ಟಿ ಇಳಿಸಿದಳು. ಹತ್ತು ಬುಟ್ಟಿಗಳು ಅದರ ಹಿಂದೆಯೇ ಇಳಿದವು. ಐಸ್ ಕೋಣೆಯ ಕಡೆ ಈಗ ಐದು ಜನ ಹೆಚ್ಚು.

“ತಿಮ್ಮಕ್ಕ...” ಎಂದಳು ಸುಬ್ಬಿ. ಕಣ್ಣು ತುಂಬಿ ಬಂದಿತ್ತು.

“ನೀ ಎಂತಕ್ಕೆ ಅಳ್ತಿ? ನಿನ್ನ ಮಾತು ಕೇಳಿ ಬಂದದ್ದಲ್ಲ ನಾ,” ಎಂದಳು ತಿಮ್ಮಕ್ಕ. “ನಿನ್ನ ಮಾತು ಕೇಳಿ ಒಂದ್ಸಲ ದುಡ್ಡು ಕೊಟ್ಟದ್ದು ಸಾಕು. ಇವತ್ತು ನನ್ನ ಕಣ್ಣಲ್ಲೇ ನೋಡಿ ಬಂದೆ.”

ಎರಡು ವರ್ಷದಿಂದ ಹನ್ನೊಂದು ಮನೆಗಳ ಭಾರ ಹೊತ್ತಿದ್ದ ಸುಬ್ಬಿಯ ತಲೆ ಆ ಮಾತಿಗೆ ಹಗುರಾಯಿತು. ಅವಳು ಅಳುತ್ತಲೇ ನಕ್ಕುಬಿಟ್ಟಳು.

“ನಗೂದು ಆಮೇಲೆ,” ಎಂದಳು ತಿಮ್ಮಕ್ಕ. “ನಾಳೆ ನಾಲ್ಕಕ್ಕೆ ಬಾಗ್ಲು ತೆಗಿಬೇಕು. ಒಂದು ನಿಮಿಷ ತಡ ಆದ್ರೂ ಬೈಯುಕೆ ಮೊದಲು ನಿಲ್ಲೂದು ನಾನೇ.”